ಬಾಡಿ ಟೈಪು

ಹಳೆಯ ಮಾರುತಿ ಕೊಂಡ ಉಪ್ಪಳದ ದೂಮಣ್ಣ
ಆರ್‌ಸಿ ಬುಕ್ಕನ್ನು ನನ್ನ ಮಡಿಲಲ್ಲಿಟ್ಟು
ಕೊರಳಿಗೆ ಬಿಳಿ ಬಟ್ಟೆ ಸುತ್ತಿದ:
"ಮಾಷ್ಟ್ರೇ, ಬಾಡಿ ಟೈಪು 'ಸೆಲೂನ್' ಅಂತ ಉಂಟು.
ನನ್ನ ಕಸುಬು ಇವರಿಗೆ ಹೇಳಿದ್ದು ಯಾರು?"

ಕಾಸರಗೋಡಿನ ಆಪೀಸಿನಲ್ಲಿ ಕೇಳಿದ್ದನಂತೆ.
ಗುಮಾಸ್ತ ಮಲಯಾಳದಲ್ಲಿ ನಕ್ಕನಂತೆ.

ಅರ್ಧ ಬೋಳಿಸಿದ ಕೆನ್ನೆಯಲ್ಲೇ ಯೋಚಿಸಿದೆ.
ಮನೆಯಲ್ಲಿ ನಿಘಂಟು ತೆರೆದರೆ
ಅರಮನೆಯ ಹಜಾರ, ಹಡಗಿನ ಪಡಸಾಲೆ,
ಯಾವುದೋ ದೇಶದ ಹೆಂಡದಂಗಡಿ,
ಕಟ್ಟಕಡೆಗೆ, ಮಾಡು ಮುಚ್ಚಿದ ಕಾರು.

"ಮಾಡು ಉಂಟಲ್ಲ, ಅಷ್ಟು ಸಾಕು" ಎಂದ ಮರುದಿನ,
ಸಾಣೆಪಟ್ಟಿಗೆ ಕತ್ತಿ ಉಜ್ಜುತ್ತ.

ಮಂಗಳವಾರ ಅಂಗಡಿಗೆ ರಜೆ.
ಬಾಗಿಲು ಹಾಕಿತ್ತು; ಕೆಳಗೆ ಕಾರು ನಿಂತಿತ್ತು.
ಆರು ಮೆಟ್ಟಿಲು ಹತ್ತಲಾಗದ ಮೂಸಾಕ
ಎದುರಿನ ಸೀಟಿನಲ್ಲಿ ಒರಗಿ ಗದ್ದ ಎತ್ತಿದ್ದರು.
ಹಿಂದೆ ಬರುವವರನ್ನು ತೋರಿಸುವ ಕನ್ನಡಿಯನ್ನು
ದೂಮಣ್ಣ ಅವರ ಮುಖಕ್ಕೆ ತಿರುಗಿಸಿಟ್ಟಿದ್ದ.