ಕೊನೆಯ ಅಂಕಿ

ಮೂವತ್ತು ವರ್ಷ ಬೋರ್ಡು ಬರೆದವನು ನಾನು,
ಶಿವಮೊಗ್ಗದ ದುರ್ಗಿಗುಡಿಯ ಗಲ್ಲಿಯೊಂದರಲ್ಲಿ.
ಗುರು ಹೇಳಿಕೊಟ್ಟದ್ದು ಇಷ್ಟೇ:
ಓಡುವ ಬಸ್ಸಿನ ಕಿಟಕಿಗೆ ಓದಲು ಸಿಗದ ಅಕ್ಷರ
ಅಕ್ಷರವಲ್ಲ ಮಾರಾಯ, ಬರೀ ಬಣ್ಣ.

ಫ್ಲೆಕ್ಸ್ ಬಂತು.
ಬ್ರಷ್ಷುಗಳು ಸೀಮೆಎಣ್ಣೆ ಡಬ್ಬದಲ್ಲಿ ನಿಂತಲ್ಲೇ ಒಣಗಿದವು.
ಐವತ್ತೆರಡಕ್ಕೆ ಕಲಿತೆ ವೆಬ್‌ಸೈಟು ಕಟ್ಟುವುದು,
ಬೇರೆಯವರು ಕಟ್ಟಿ ಕೆಡಿಸಿದ್ದನ್ನು ಬಿಚ್ಚುವುದು.

ಸಾಗರದ ಇನಾಸ್ ರೆಬೆಲ್ಲೊ ಬಂದ,
ಎದೆಜೇಬಿನಲ್ಲಿ ಸ್ಕ್ರೂಡ್ರೈವರ್, ಉಗುರಿನಂಚಿಗೆ ಮಿಷನ್ ಎಣ್ಣೆ.
"ಸೈಟು ಮಾಡಿಸಿ ಎರಡು ವರ್ಷ. ಒಂದು ಫೋನಿಲ್ಲ.
ದುಡ್ಡು ಹೊಳೆಗೆ ಹಾಕಿದ ಹಾಗಾಯ್ತು."

ತೆರೆದೆ. ತೆರೆಯುತ್ತಲೇ ಇತ್ತು.
ಚಹಾ ತರಿಸಿದೆ, ಕುಡಿದೆವು,
ತೆರೆಯುತ್ತಲೇ ಇತ್ತು.
ಒಂದೊಂದು ಫೋಟೋ ಒಂದೊಂದು ಗೋಡೆಯ ಭಾರ;
ತಾನಾಗಿ ಜಾರುವ ಐದು ಚಿತ್ರಗಳಲ್ಲಿ
ಯಾವ ದೇಶದ್ದೋ ಕಾರ್ಖಾನೆ, ನಗುವ ಹಳದಿ ಹೆಲ್ಮೆಟ್ಟು.
ನೆತ್ತಿಯ ಮೇಲೆ: ಪ್ರಿಸಿಷನ್ ಎಂಜಿನಿಯರಿಂಗ್ ಸೊಲ್ಯೂಷನ್ಸ್.

"ಇನಾಸಣ್ಣ, ಬಾಬಿನ್ ಸಿಕ್ಕಿಕೊಂಡವಳು ಏನಂತ ಹುಡುಕ್ತಾಳೆ?"
ತಲೆ ಕೆರೆದ. "ಹೊಲಿಗೆ ಮಿಷನ್ ರಿಪೇರಿ ಅಂತ."
"ಮತ್ತೆ?"
"ಸಾಗರ ಅಂತ."
"ಅಷ್ಟೇ ಬರಿಯೋಣ."

ಹೆಲ್ಮೆಟ್ಟನ್ನು ಕಳಿಸಿದೆ. ಜಾರುವುದನ್ನು ನಿಲ್ಲಿಸಿದೆ.
ಫೋಟೋಗಳನ್ನು ಅಂಗೈಯಗಲಕ್ಕೆ ಇಳಿಸಿದೆ,
ಒಂದೊಂದರ ಬೆನ್ನಿಗೂ ಕುರುಡನಿಗೆ ಹೇಳುವಂತೆ ಒಂದು ಸಾಲು:
ಕಪ್ಪು ತಲೆಯ ಹಳೆ ಮಿಷನ್, ಬೆಲ್ಟ್ ಬಿಚ್ಚಿದೆ.
ವಿಳಾಸ, ಸಮಯ, ಭಾನುವಾರ ಇಗರ್ಜಿ ಮುಗಿದ ಮೇಲೆ ಎಂಬುದು ಕೂಡ.

ಬೋರ್ಡು ಬರೆದು ರಸ್ತೆ ದಾಟಿ ನಿಂತು ನೋಡುವ ಚಟ
ಇನ್ನೂ ಬಿಟ್ಟಿಲ್ಲ.
ಬಸ್ಸು ಹತ್ತಿ ನಿಟ್ಟೂರಿಗೆ ಹೋದೆ,
ಸಿಗ್ನಲ್ಲಿನ ಒಂದೇ ಕಡ್ಡಿ ಬರುವ ಮೋರಿಕಟ್ಟೆಯ ಮೇಲೆ ನಿಂತು
ಬಾಯಲ್ಲೇ ಎಣಿಸಿದೆ.
ಮೊದಲು ಐವತ್ತು ದಾಟಿ ಎಣಿಕೆ ಮರೆಯುತ್ತಿತ್ತು.
ಈಗ ನಾಲ್ಕು.
ಪಕ್ಕದಲ್ಲಿ ಹಾಲಿನ ಕ್ಯಾನು ಹಿಡಿದವನು ಕೇಳಿದ:
"ಎಂತ, ಮಂತ್ರವಾ?"

ನೋಡುವವರ ಲೆಕ್ಕ ಏರಿತು. ಹನ್ನೊಂದು. ನಲವತ್ತು. ನೂರಾಮೂರು.
"ನೂರಾಮೂರು ಜನ ನೋಡಿ ಸುಮ್ಮನಾದರಾ?" ಇನಾಸ್ ಕೇಳಿದ,
ಸಿಟ್ಟಿಲ್ಲದೆ. ಅದೇ ಕಷ್ಟವಾಯಿತು.

ಆಗ ಒತ್ತಿದೆ, ಅಲ್ಲಿಯವರೆಗೆ ಒಮ್ಮೆಯೂ ಒತ್ತಿ ನೋಡದ
ಆ ಹತ್ತು ಅಂಕಿಗಳನ್ನು.
ಒತ್ತಕ್ಷರದ ಬಾಲ ವಾಲಿದರೆ ರಾತ್ರಿ ನಿದ್ದೆ ಬಾರದವನು ನಾನು.

"ಹಲೋ, ಹೊಲಿಗೆ ಮಿಷನ್ನಾ? ಏನಾಗಿದೆ ಹೇಳಿ."
ಹೆಂಗಸಿನ ದನಿ. ಹಿಂದೆ ಯಂತ್ರದ ಗಡಗಡ.
ತೀರ್ಥಹಳ್ಳಿಯ ಹಿಟ್ಟಿನ ಗಿರಣಿ, ಜಲಜಾಕ್ಷಿ.
ಕೊನೆಯ ಅಂಕಿ ಒಂದಾಗಬೇಕಿದ್ದಲ್ಲಿ ಏಳು.

"ಮೊದಮೊದಲು ಬೈದೆ. ಆಮೇಲೆ ಪಾಪ ಅನ್ನಿಸ್ತು.
ನನ್ನ ಬೆಲ್ಟಿಗೂ ಅವರ ಬೆಲ್ಟಿಗೂ ಏನು ಮಹಾ?
ಒಂದು ಹನಿ ಎಣ್ಣೆ ಬಿಡಿ, ಚಕ್ರ ಕೈಯಲ್ಲೇ ತಿರುಗಿಸಿ ಅಂತೀನಿ.
ಅರ್ಧ ಜನಕ್ಕೆ ಸರಿಹೋಗ್ತದೆ.
ಹದಿನೈದು ದಿನದಿಂದ ಕಾಟ ಜಾಸ್ತಿ ನೋಡಿ,
ಮೆಣಸಿನಪುಡಿ ಮಾಡಲಿಕ್ಕೆ ಬಿಡೋದಿಲ್ಲ."

ಸಾಲದ ಪುಸ್ತಕದ ಹಿಂದಿನ ಹಾಳೆಯಿಂದ ಓದಿದಳು,
ಗಡಗಡದ ಮೇಲೆ ಕೂಗಿ:
ಕೋಣಂದೂರು ಮೈಮೂನಾ, ಕೆಳಗಿನ ದಾರ ಮೇಲೆ ಬರ್ತಿಲ್ಲ.
ಆರಗ, ಟೈಲರ್ ಚೌಡಪ್ಪ, ಪೆಡಲ್ ಕೀರ್ ಅಂತದೆ.
ರಿಪ್ಪನ್‌ಪೇಟೆ, ಹೆಸರು ಹೇಳಲಿಲ್ಲ,
ಯೂನಿಫಾರಂ ಇಪ್ಪತ್ತು ಬಾಕಿ, ಅಳ್ತಿದ್ದಳು.

ಇನಾಸ್ ಸ್ಕ್ರೂಡ್ರೈವರಿನ ಹಿಡಿ ಕಚ್ಚಿಕೊಂಡು ಬರೆದುಕೊಂಡ,
ನನ್ನ ಕರೆಂಟ್ ಬಿಲ್ಲಿನ ಮೇಲೆ.

ಏಳನ್ನು ಒಂದು ಮಾಡಿದೆ. ಉಸಿರು ಬಿಡುವಷ್ಟು ಹೊತ್ತಿನ ಕೆಲಸ.
"ಹಾಗಾದ್ರೆ ನಾಳೆಯಿಂದ ಯಾರೂ ಮಾಡೋದಿಲ್ವಾ?"
ಅಷ್ಟರಲ್ಲಿ ಅಲ್ಲಿ ಕರೆಂಟು ಹೋಗಿ ಗಿರಣಿ ನಿಂತಿತು,
ಆ ಮಾತು ಬೇಕಾದ್ದಕ್ಕಿಂತ ದೊಡ್ಡದಾಗಿ ಕೇಳಿಸಿತು.

ಪುಟದ ಬುಡಕ್ಕೆ ಒಂದು ಸಾಲು ಸೇರಿಸಿದ್ದೇನೆ:
ಫೋನ್ ಮಾಡುವ ಮೊದಲು ಒಂದು ಹನಿ ಎಣ್ಣೆ ಬಿಡಿ,
ಚಕ್ರ ಕೈಯಲ್ಲೇ ತಿರುಗಿಸಿ ನೋಡಿ. — ಜಲಜಾಕ್ಷಿ, ತೀರ್ಥಹಳ್ಳಿ.
ಅರ್ಧ ವ್ಯಾಪಾರ ಹೋಯ್ತು ಅಂತ ಇನಾಸ್ ಗೊಣಗುತ್ತಾನೆ.
ಆದರೆ ಹುಡುಕಿ ಬರುವವರು
ಹೆಚ್ಚಾಗಿ ಬರುವುದು ಆ ಸಾಲಿಗೇ.