ಕದಲದವಳು

ಸೋಮವಾರ ಅಂಗಡಿ ತೆರೆಯುವ ಮೊದಲು
ವಿನೆಗರಿನಲ್ಲಿ ಅದ್ದಿದ ಬಟ್ಟೆಯಿಂದ
ಆ ಫೋಟೊದ ಗಾಜು ಒರೆಸುವುದು ನನ್ನ ಕೆಲಸ.
ವಾರವಿಡೀ ಪೈ ಒಲೆಯ ಹಬೆ, ಹಂದಿಕೊಬ್ಬಿನ ಜಿಡ್ಡು;
ಒಂದು ಸಲ ಕೈ ಎಳೆದರೆ ಸಾಕು,
ಹದಿನೆಂಟುನೂರ ಎಪ್ಪತ್ತೆರಡರ ಒಂದು ಸಂತೆ
ಮಂಜಿನಿಂದ ಹೊರಬರುತ್ತದೆ.

ಊರು ಇದೇ ಹಾರ್ಬೆಕ್. ಚೌಕವೂ ಇದೇ.
ಗೋಪುರದ ಗಡಿಯಾರದಲ್ಲಿ ಹನ್ನೊಂದು ಹತ್ತು.
ನೆರಳು ನೋಡಿದರೆ ಹನ್ನೆರಡು ಆಗಿಹೋಗಿದೆ.
ಆಗಲೂ ಸುಳ್ಳೇ ಹೇಳುತ್ತಿತ್ತು, ಪುಣ್ಯಾತ್ಮ ಗಡಿಯಾರ;
ಅದನ್ನು ನಂಬಿ ನಾನು ಎಷ್ಟು ಬಸ್ಸು ತಪ್ಪಿಸಿಕೊಂಡಿಲ್ಲ!

ಬೀಸುಕಲ್ಲಿನಷ್ಟು ಅಗಲದ ಚೀಸು, ಪೀಪಾಯಿ ತುಂಬ ಹೆರಿಂಗ್ ಮೀನು,
ಕಾಲು ಕಟ್ಟಿ ತಲೆಕೆಳಗಾಗಿ ತೂಗಿಬಿಟ್ಟ ಬಾತು,
ಮಾರಾಟಕ್ಕಿಟ್ಟ ಒಂದೇ ಒಂದು ಕುರ್ಚಿ
(ಅದರ ಮೇಲೆ ಯಾರೂ ಕೂತಿಲ್ಲ, ಯಾಕೋ).
ಕುದುರೆಗೆ ಮೈ ಒಂದು, ತಲೆ ಮೂರು.
ಫೋಟೊದವನು ಮುಚ್ಚಳ ತೆಗೆದು
ನಾಲ್ಕೋ ಐದೋ ಎಣಿಸಿರಬೇಕು,
ಅಷ್ಟರಲ್ಲಿ ಅವಸರವಿದ್ದವರೆಲ್ಲ ಹೊಗೆಯಾದರು:
ಚೌಕಾಸಿ ಮಾಡಿ ಗೆದ್ದವರು, ಸೋತವರು,
ಜೇಬುಗಳ್ಳ, ಇದ್ದಿದ್ದರೆ, ಅವನೂ.
ಉಳಿದದ್ದು ಬರೀ ಬೂಟು, ಅಲ್ಲೊಂದು ಇಲ್ಲೊಂದು,
ಒಡೆಯನಿಲ್ಲದ ಹೆಜ್ಜೆ.

ನಡುವೆ ಒಬ್ಬ ಹುಡುಗ.
ತಲೆಗಿಂತ ದೊಡ್ಡ ಟೋಪಿ, ಕಂಕುಳಲ್ಲಿ ಎಲೆಕೋಸು.
ಯಾರೋ ಕರೆದರೆಂದು ತಿರುಗಿದ, ಅಷ್ಟೇ;
ಮುಖವಿರಬೇಕಾದಲ್ಲಿ ಹಾಲು ಚೆಲ್ಲಿದ ಹಾಗೆ ಬಿಳುಪು.

ಸಿರಿಲ್ ಮೆಟ್‌ಕಾಫ್ ಪೈ ಕಚ್ಚುತ್ತ ಹೇಳುತ್ತಾನೆ,
'ಅವನು ನಮ್ಮ ಮುತ್ತಜ್ಜ. ನಿಲುವು ನೋಡು!'
ಯೂನಿಸ್ ಆಲ್ಡರ್ಸನ್ ಆಣೆ ಹಾಕುತ್ತಾಳೆ,
ಆ ಕೋಸು ಅವಳ ತವರಿನ ಹಿತ್ತಲಿನದು.
ಹೋದ ವರ್ಷವಷ್ಟೇ ಪೋಲೆಂಡಿನಿಂದ ಬಂದ ಲೆಷೆಕ್ ಕೂಡ
ಚಹಾ ಲೋಟ ಹಿಡಿದು ಬಹಳ ಹೊತ್ತು ನೋಡಿ,
'ನಮ್ಮ ತಮ್ಮನ ಹಾಗೇ ಇದ್ದಾನೆ' ಅಂದ.
ಮುಖ ಉಳಿಸಿಕೊಳ್ಳದವನು
ಊರಿಗೆಲ್ಲ ನೆಂಟ.

ಮುಖವಿರುವವಳನ್ನು ಯಾರೂ ಕೇಳುವುದಿಲ್ಲ.
ಎಡತುದಿಯಲ್ಲಿ, ಕೈಪಂಪಿನ ಪಕ್ಕ,
ಮೊಟ್ಟೆಬುಟ್ಟಿಯ ಹೆಂಗಸು.
ನಾಣ್ಯದ ಮೇಲಿನ ರಾಣಿಗಿಂತ ಸ್ಪಷ್ಟ:
ಶಾಲಿಗೆ ಹಾಕಿದ ತೇಪೆ, ಗಲ್ಲದ ಮಚ್ಚೆ,
ಬಿಗಿದ ತುಟಿಯೊಳಗೆ
ಉಗುಳದೆ ಉಳಿಸಿಕೊಂಡ ಒಂದು ಬೈಗುಳ.
ಗಿರಾಕಿ ಬಂದಿದ್ದರೆ ಬಗ್ಗುತ್ತಿದ್ದಳು,
ಎಣಿಸುತ್ತಿದ್ದಳು, ಚಿಲ್ಲರೆಗೆ ತಡಕುತ್ತಿದ್ದಳು,
ಎಲ್ಲರ ಜೊತೆ ಹಾಯಾಗಿ ಹೊಗೆಯಾಗುತ್ತಿದ್ದಳು.
ವ್ಯಾಪಾರವಾಗಲಿಲ್ಲ. ಅದಕ್ಕೇ ಉಳಿದಳು.

ಎಣಿಸಿದ್ದೇನೆ: ಬುಟ್ಟಿಯಲ್ಲಿ ಕಾಣುವುದು ಹದಿನೇಳು.
ಒಂದರ ಮೇಲೆ ಹುಲ್ಲುಕಡ್ಡಿ ಅಂಟಿದೆ.
ಗಾಜಿನ ಆ ಕಡೆಯದೆಂದು ಗೊತ್ತಿದ್ದೂ
ಉಗುರಿನಿಂದ ಎಷ್ಟು ಸಲ ಕೆರೆದಿದ್ದೇನೋ.

ನನಗೆ ಏನಾಗಬೇಕು ಅವಳು? ಏನೂ ಅಲ್ಲ.
ನಮ್ಮವರು ಆಗ ಬೆಟ್ಟದಾಚೆಯ ಕಣಿವೆಯಲ್ಲಿ
ಸೀಸದ ಗಣಿ ಅಗೆಯುತ್ತಿದ್ದರು,
ಮೊಟ್ಟೆ ಕೊಳ್ಳುವ ಶಕ್ತಿ ಇತ್ತೋ ಇಲ್ಲವೋ.
ಆದರೂ ಕೆಲವು ಮಂಗಳವಾರ
ಮಧ್ಯಾಹ್ನ ಮೂರರ ಮೇಲೆ ಯಾರೂ ಬಾರದೆ
ತಟ್ಟೆಯಲ್ಲಿ ಪೈಗಳು ಆರುತ್ತಿರುವಾಗ
ಕೈಕಟ್ಟಿ ನಿಲ್ಲುತ್ತೇವೆ,
ಅವಳು ಆಚೆಗೆ, ನಾನು ಈಚೆಗೆ.
ಬೆಳಕು ವಾಲಿ, ಗಾಜಿನೊಳಗಿನ ನನ್ನ ಏಪ್ರನ್ನು
ಸರಿಯಾಗಿ ಅವಳ ಶಾಲಿನ ಮೇಲೆ ಬಂದು ಕೂರುತ್ತದೆ.

ಬಾಗಿಲ ಗಂಟೆ ಬಡಿಯುತ್ತದೆ.
'ಬಂದೆ' ಎನ್ನುತ್ತೇನೆ,
ನಮ್ಮಿಬ್ಬರಲ್ಲಿ ಯಾರ ಗಿರಾಕಿಯೆಂದು
ಅರೆಕ್ಷಣ ತಿಳಿಯದೆ.
ಆರು ಪೈ, ಕಟ್ಟಿಕೊಡಬೇಕಂತೆ.
ಕದಲುತ್ತೇನೆ.