ಮೂರನೇ ವ್ಯಕ್ತಿ

ಹೆಸರು ಮುಚ್ಚುವುದನ್ನು ಕಲಿಸಿಕೊಟ್ಟವರು
ಹಿಂದಿನ ಗುಮಾಸ್ತ ಎರ್ರಿಸ್ವಾಮಿ:
ಮಾರ್ಕರಿನಲ್ಲಿ ಒಮ್ಮೆ ಎಳೆದರೆ ಸಾಲದು ತಾಯಿ,
ಹಾಳೆಯನ್ನು ಕಿಟಕಿಗೆ ಹಿಡಿದು ನೋಡು,
ಬಳ್ಳಾರಿ ಬಿಸಿಲಿಗೆ ಕಪ್ಪೂ ಬಾಯಿ ಬಿಡುತ್ತದೆ.
ಎಳೆ, ಜೆರಾಕ್ಸ್ ಮಾಡು,
ಜೆರಾಕ್ಸಿನ ಮೇಲೆ ಮತ್ತೊಮ್ಮೆ ಎಳೆ.

ಹನ್ನೊಂದು ವರ್ಷ ಎಳೆದಿದ್ದೇನೆ.
ಜೈಲಿನ ಈ ಆಫೀಸಿನಲ್ಲಿ ಫ್ಯಾನು ತಿರುಗಿದರೆ
ಅದಿರಿನ ಕೆಂಪು ದೂಳು ಫೈಲಿನಿಂದ ಫೈಲಿಗೆ ವರ್ಗವಾಗುತ್ತದೆ.
ಹತ್ತು ರೂಪಾಯಿಯ ಪೋಸ್ಟಲ್ ಆರ್ಡರು ಲಗತ್ತಿಸಿ
ಕಂಪ್ಲಿಯ ಷೇಕ್ಷಾವಲಿ ಕೇಳುತ್ತಾರೆ,
ಕೈದಿಗಳ ಸಾರಿಗೆ ತಲಾ ಎಷ್ಟು ಬೇಳೆ.
ಕೊಡುತ್ತೇನೆ. ಬೇಳೆಗೆ ಮಾನ ಮರ್ಯಾದೆಯ ಕಲಂ ಇಲ್ಲ.

ಇನ್ನೊಬ್ಬ, ವಿಳಾಸವೆಂದರೆ ಬರೀ ಪೋಸ್ಟ್ ಬಾಕ್ಸು,
ಕೈದಿ ೨೨೦೭ನ್ನು ನೋಡಲು ಬಂದವರ
ಹೆಸರು, ಊರು, ಬಂದ ವಾರ ಕೇಳಿದ.
ಯಾಕೆ ಎಂದು ನಾನು ಕೇಳುವಂತಿಲ್ಲ.
ಮುಲಾಖಾತ್ ಪುಸ್ತಕ ತೆರೆದರೆ
ವರ್ಷವಿಡೀ ಒಂದೇ ಹೆಬ್ಬೆಟ್ಟು, ಇಪ್ಪತ್ತಮೂರು ಸಲ.
ಪ್ಯಾಡಿನ ಮಸಿಯಲ್ಲ,
ಕೌಲ್ ಬಜಾರಿನ ತೊಟ್ಟಿಯಲ್ಲಿ ಜೀನ್ಸು ಅದ್ದುವವರ ಉಗುರಿನ ನೀಲಿ;
ಪ್ಯಾಡು ಒಣಗಿದ್ದ ದಿನವೂ
ಒದ್ದೆ ಬೆರಳು ತಾನೇ ಗುರುತು ಬಿಟ್ಟಿದೆ.

ಬೆರಳಿಗೂ ಖಾಸಗಿ ಉಂಟೇ?
ಉಂಟು. ಎಳೆದೆ. ಇಪ್ಪತ್ತಮೂರು ಕಪ್ಪು ಚೌಕ.
ಲೆಕ್ಕ ಮಾತ್ರ ಕೊಟ್ಟೆ.
ರಾತ್ರಿ ಅನ್ನ ಕಲಸುವಾಗ ಹೊಳೆಯಿತು,
ಲೆಕ್ಕವೂ ಒಂದು ಬೆರಳೇ, ತೋರಿಸುತ್ತದೆ.

ಒಂದು ಸೋಮವಾರ ಆ ಹೆಬ್ಬೆಟ್ಟು
ಇಡೀ ಮೈಯೊಡನೆ ಬಂದು ನನ್ನ ಮೇಜಿನ ಮುಂದೆ ನಿಂತಿತು.
ಹುಲಿಗೆಮ್ಮ.
ಓದು ಬರದವರ ಅರ್ಜಿ ನಾನೇ ಬರೆದುಕೊಡಬೇಕು, ಅದೂ ಕಾನೂನೇ.
"ನನ್ನ ಮಗ ಗಾದಿಲಿಂಗಗ ಏನಾಗೇತಿ?
ಜಾಲರಿ ಆಚೆ ಕುಂತು ನಗತಾನ,
ಕೆಮ್ಮು ಬರಬಾರದಂತ ಉಸುರು ಹಿಡೀತಾನ.
ದೊಡ್ಡಾಸ್ಪತ್ರಿಗೆ ಯಾಕ ಒಯ್ದಿದ್ರಿ, ಬರೀರಿ."
ಬರೆದೆ, 'ವೈದ್ಯಕೀಯ ದಾಖಲೆಗಳ ದೃಢೀಕೃತ ಪ್ರತಿ.'
ಕೆಮ್ಮು ಅರ್ಜಿಯೊಳಗೆ ಹಿಡಿಸಲಿಲ್ಲ.

ಐದು ದಿನದೊಳಗೆ ಮೂರನೇ ವ್ಯಕ್ತಿಗೆ ನೋಟಿಸು.
ಕೇಳುವವಳು ಒಬ್ಬಳು, ಕೊಡಬೇಕಾದ ಇಲಾಖೆ ಎರಡು,
ಮೂರನೆಯವನು ಅವಳು ಹೆತ್ತವನು.
ಬ್ಯಾರಕ್ಕಿಗೆ ಹೋದ ಹಾಳೆ ವಾರದಲ್ಲಿ ಮರಳಿತು,
ಹಿಂಬದಿಗೆ ಪೆನ್ಸಿಲ್ಲು:
"ಕೊಡಬ್ಯಾಡ್ರಿ. ಅವ್ವಗ ಬ್ಯಾಡ."
ಕೆಳಗೆ ಜೈಲು ಶಾಲೆಯಲ್ಲಿ ಕಲಿತ ಸಹಿ,
'ಗಾ'ದ ದೀರ್ಘ ಬೇಕಾದ್ದಕ್ಕಿಂತ ಉದ್ದ.

ಆ ದಾಖಲೆ ನಾನು ಓದಿದ್ದೇನೆ.
ಅದರಲ್ಲೇನಿದೆ ಎಂದು ಈ ಪದ್ಯದಲ್ಲೂ ಹೇಳುವುದಿಲ್ಲ.

ಉತ್ತರ ಪಡೆಯಲು ಬಂದವಳಿಗೆ ಓದಿ ಹೇಳಿದೆ,
ಕಲಂ ಎಂಟು, ಒಂದು, ಜೆ.
"ಅಂದ್ರ?"
"ಖಾಸಗಿ."
"ನಾ ಹಡದೀನವ್ವಾ ಅವನ್ನ."
ಮೂವತ್ತು ದಿನದಲ್ಲಿ ಮೇಲ್ಮನವಿ ಹಾಕಬಹುದು ಎಂದೆ.
"ಮ್ಯಾಲಿನವರು ಅವನ್ನ ನೋಡ್ಯಾರೇನು?"
"ಇಲ್ಲ."
"ನೀವು ನೋಡೀರಿ."

ಮುಖಕ್ಕೆ ಎಳೆಯುವ ಮಾರ್ಕರು ಇಲ್ಲವೆಂದು
ಎರ್ರಿಸ್ವಾಮಿ ಹೇಳಿರಲಿಲ್ಲ.
ಅಕ್ಷರ ಬರದವಳು ನನ್ನನ್ನು
ಕಿಟಕಿಗೆ ಹಿಡಿದ ಹಾಳೆಯಂತೆ ನೋಡಿದಳು,
ಎರಡು ಸಲ.
"ಸರಿ ಬಿಡ್ರಿ," ಎಂದಳು.
ಸ್ವೀಕೃತಿಗೆ ಒತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು,
ಸೆರಗು ಮೊದಲೇ ನೀಲಿ.

ಮುಂದಿನ ಮುಲಾಖಾತ್ ಮುಗಿಸಿ ಪುಸ್ತಕ ತಂದಿಟ್ಟ
ವಾರ್ಡರ್ ಪಂಪನಗೌಡ:
"ಏನು ನಗಾಡಿದ್ರು ಮೇಡಂ ಅವ್ವ ಮಗ!
ಆಕಿ ಒಂದು ಸಲಾನೂ ಕೆಮ್ಮಿನ ಮಾತು ತೆಗೀಲಿಲ್ಲ."